ಗೂಡಿನ ಒಳಗೋಡೆ

ಕೋಳಿಗಳು ತನ್ನನ್ನು ಗುರುತಿಸುವುದಿಲ್ಲ ಎಂಬುದು ಅವನಿಗೆ ಎರಡು ವರ್ಷದಿಂದ ಗೊತ್ತಿತ್ತು; ಬೇಕೆಂದೇ ಗುರುತಿಸುವುದಿಲ್ಲ ಎಂಬ ಅನುಮಾನ ಹುಟ್ಟಿದ್ದು ಮಾತ್ರ ಆ ಸೋಮವಾರ ಬೆಳಿಗ್ಗೆ. ಒಂದು ಕೈಯಲ್ಲಿ ಕಾಳಿನ ಡಬ್ಬ, ಇನ್ನೊಂದರಲ್ಲಿ ಬೆಚ್ಚಗಿನ ನೀರಿನ ಜಗ್ಗು ಹಿಡಿದು ಅವನು ಹಿತ್ತಲಿಗೆ ಬಂದು ನಿಂತಾಗ ಆರೂ ಕೋಳಿಗಳು ಒಟ್ಟಿಗೆ ಕತ್ತೆತ್ತಿ ಅವನ ಭುಜದಾಚೆಗೆ ನೋಡಿದವು, ಹಿಂದೆ ಇನ್ನೂ ಯಾರೋ ಬರುವುದಿದೆ ಎನ್ನುವ ಹಾಗೆ. ಬರುವವರು ಯಾರೂ ಇರಲಿಲ್ಲ. ಮಾವ ಮಂಡಿಯ ಆಪರೇಷನ್ನಿಗೆಂದು ಹಿಂದಿನ ದಿನವೇ ಎರಡು ಗಂಟೆ ದಾರಿಯ ಊರಿನ ಆಸ್ಪತ್ರೆ ಸೇರಿದ್ದರು. ಹೆಂಡತಿ ರಜೆ ಹಾಕಿ ಅವರ ಜೊತೆಗೆ ಹೋಗಿದ್ದಳು. ಮುಂದಿನ ಭಾನುವಾರದವರೆಗೆ ಮನೆ, ಮನೆಯ ಬೀಗದ ಕೈ, ಹಿತ್ತಲು, ಹಿತ್ತಲಿನ ಆರು ಕೋಳಿ, ಎಲ್ಲ ಅವನ ವಶ. ಚಳಿ ಹಿಂದಿನ ರಾತ್ರಿ ಮೊದಲ ಸಲ ಹಲ್ಲು ತೋರಿಸಿತ್ತು. ನೀರಿನ ಬೋಗುಣಿಯ ಮೇಲೆ ಮಂಜುಗಡ್ಡೆಯ ತೆಳು ಪೊರೆ ಕಟ್ಟಿತ್ತು. ಅವನು ಬೆರಳ ತುದಿಯಿಂದ ಅದರ ಅಂಚು ಬಿಡಿಸಿ, ಒಡೆಯದ ಹಾಗೆ ಎತ್ತಿ, ಕಣ್ಣಿನ ಮಟ್ಟಕ್ಕೆ ಹಿಡಿದು ಅದರ ಮೂಲಕ ಕೋಳಿಗಳನ್ನು ನೋಡಿದ. ಕೊಂಚ ಚಿಕ್ಕದಾಗಿ, ಕೊಂಚ ದೂರದಲ್ಲಿ ಕಂಡವು. ಮೈನಸ್ ಎರಡು ಇರಬಹುದು ಎಂದುಕೊಂಡ. ಬಗ್ಗಿ ನೀರು ಸುರಿದಾಗ ಹಿರಿಯ ಕರಿಕೋಳಿ ಮುಂದೆ ಬಂದು ಅವನ ಚಪ್ಪಲಿಯನ್ನು ಒಂದು ಸಲ ಕುಕ್ಕಿ, ರುಚಿಸಲಿಲ್ಲ ಎಂಬಂತೆ ಕೊಕ್ಕು ಒರೆಸಿಕೊಂಡಿತು. ಹೆಂಡತಿ ಅದಕ್ಕೆ ಹೆಡ್‌ಮಿಸ್ಸು ಎಂದು ಹೆಸರಿಟ್ಟಿದ್ದಳು.

ಅವನು ಕೆಲಸ ಮಾಡುತ್ತಿದ್ದುದು ಪೇಟೆಯ ದೊಡ್ಡ ಕನ್ನಡಕದಂಗಡಿಯ ಹಿಂಬದಿಯ ಕೋಣೆಯಲ್ಲಿ. ಮುಂದುಗಡೆ ಕನ್ನಡಿ, ದೀಪ, ನಗುವ ಹುಡುಗಿಯರು. ಹಿಂದುಗಡೆ ಅವನು, ಉಜ್ಜುವ ಯಂತ್ರ, ಸುಣ್ಣ ಕದಡಿದಂಥ ಬಿಳಿ ನೀರು. ಚೀಟಿಯಲ್ಲಿ ಬರೆದು ಬಂದ ಅಳತೆಗೆ ಗಾಜನ್ನು ಉಜ್ಜಿ, ಫ್ರೇಮಿಗೆ ಕೂರಿಸಿ, ಒರೆಸಿ ಕಿಟಕಿಯಲ್ಲಿಟ್ಟರೆ ಯಾರದೋ ಕೈ ಬಂದು ಎತ್ತಿಕೊಳ್ಳುತ್ತಿತ್ತು. ಆ ಗಾಜಿನಿಂದ ಯಾರು ಏನು ನೋಡಿದರೆಂದು ಅವನಿಗೆ ತಿಳಿಯುತ್ತಿರಲಿಲ್ಲ. ಆ ದಿನ ಮಧ್ಯಾಹ್ನ ಯಂತ್ರದ ಗುಂಯ್‌ಗುಟ್ಟುವಿಕೆಯ ನಡುವೆ ಮಾವನ ಮಾತುಗಳೇ ಮರಳಿ ಮರಳಿ ಕೇಳಿಸಿದವು. ಹೊರಡುವ ಮುಂಚೆ ಮಾವ ಕೋಳಿಗಳ ವಿಷಯವನ್ನು ಒಂದೊಂದಾಗಿ ಹೇಳಿದ್ದರು. ಹೇಳಿದ್ದು ಮಗಳಿಗೆ, ಅವನ ಎದುರಿಗೆ. ಇವರಿಗೆ ಹೇಳು, ಸಂಜೆ ಒಂದು ಹಿಡಿ ಜೋಳ ಹೆಚ್ಚಿಗೆ ಹಾಕಲಿ, ರಾತ್ರಿಯೆಲ್ಲ ಅದು ಹೊಟ್ಟೆಯಲ್ಲಿ ಕಾವು ಕೊಡುತ್ತೆ. ಇವರಿಗೆ ಹೇಳು, ನೀರಿನ ಬೋಗುಣಿ ರಾತ್ರಿ ಗೂಡಿನೊಳಗೆ ಬಿಡೋದು ಬೇಡ. ಇವರಿಗೆ ಹೇಳು, ಎಷ್ಟೇ ಚಳಿ ಬಿದ್ದರೂ ಮೇಲಿನ ಕಿಂಡಿ ಮುಚ್ಚೋದು ಬೇಡ. ಹೆಂಡತಿ ಪ್ರತಿ ಸಲವೂ ಅವನ ಕಡೆ ತಿರುಗಿ, ಕೇಳಿಸ್ತಲ್ಲ, ಎಂದು ಕಣ್ಣಲ್ಲೇ ಕೇಳಿದ್ದಳು. ಮೂರಡಿ ದೂರದಲ್ಲಿ ಕೂತವನಿಗೆ ಕೇಳಿಸದೆ ಏನು. ಎರಡು ವರ್ಷದಿಂದ ಮಾವ ಅವನನ್ನು 'ಇವರು' ಎಂದೇ ಕರೆಯುತ್ತಿದ್ದರು. ಬೈದದ್ದಿಲ್ಲ, ದನಿ ಎತ್ತಿದ್ದಿಲ್ಲ. ಇವರಿಗೆ ಟೀ ಕೊಟ್ಯಾ, ಇವರದ್ದು ಸ್ನಾನ ಆಯ್ತಾ. ಬೈದಿದ್ದರೆ ತಾನೂ ಒಂದು ಮಾತು ಆಡಿ ಮುಗಿಸಬಹುದಿತ್ತು. ಮರ್ಯಾದೆಗೆ ಏನೆಂದು ಎದುರು ಮಾತಾಡುವುದು? ಯೋಚನೆಯಲ್ಲಿ ಅವನ ಕೈ ಒಂದು ಕ್ಷಣ ಹೆಚ್ಚು ನಿಂತು, ಒಂದು ಗಾಜಿನ ಅಂಚು ಸೀಳಿತು. ಅದನ್ನು ಕಾಗದದಲ್ಲಿ ಸುತ್ತಿ ಬುಟ್ಟಿಯ ತಳದಲ್ಲಿ ಅಡಗಿಸಿದ.

ಸಂಜೆ ರೇಡಿಯೋದವರು ಈ ವಾರ ಚಳಿ ಇನ್ನೂ ಏರುತ್ತದೆ ಎಂದರು. ಬೆಳಕು ಇರುವಾಗಲೇ ಕೋಳಿಗಳನ್ನು ಒಳಗೆ ಕೂಡಿಸಿ ಬಿಡೋಣವೆಂದು ಅವನು ಟಾರ್ಚ್ ಹಿಡಿದು ಗೂಡಿನ ಬಳಿ ಹೋದ. ಗೂಡು ಮಾವ ಕಟ್ಟಿದ್ದು, ಒಬ್ಬ ಮನುಷ್ಯ ಬಗ್ಗಿ ನಿಲ್ಲುವಷ್ಟು ಎತ್ತರ. ಅವನು ಈವರೆಗೆ ಅದರೊಳಗೆ ತಲೆ ಹಾಕಿದವನಲ್ಲ. ನೆಲಕ್ಕೆ ಒಣಹುಲ್ಲು ಹಾಸಿದ್ದ ಗೂಡಿನೊಳಗೆ ಕೋಳಿಗಳು ತಾವಾಗಿಯೇ ಅಡ್ಡಕೋಲು ಹತ್ತಿ ಸಾಲಾಗಿ ಕೂತಿದ್ದವು, ಹೆಡ್‌ಮಿಸ್ಸು ನಡುವೆ. ಎಲ್ಲ ಸರಿಯಿದೆಯೇ ಎಂದು ಟಾರ್ಚನ್ನು ಸುತ್ತ ಆಡಿಸಿದಾಗ ಹಿಂದಿನ ಗೋಡೆಯ ಮೇಲೆ ನೀಲಿ ಬಣ್ಣ ಕಂಡಿತು, ನೀಲಿಯ ಮೇಲೆ ಬಿಳಿ ಅಕ್ಷರ. ತಲೆಕೆಳಗಾಗಿದ್ದುದರಿಂದ ಓದಲು ಒಂದು ಗಳಿಗೆ ಬೇಕಾಯಿತು. ಕಣ್ಣಿನ ಪರೀಕ್ಷೆ ಉಚಿತ. ಒಳಗೆ ಬನ್ನಿ. ಅದು ಅವನದೇ ಕೈಬರಹ. ತನ್ನ ಸ್ವಂತ ಅಂಗಡಿ ತೆರೆಯುವ ಮುಂಚೆ ಮೂರು ಸಂಜೆ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು, ಸ್ಕೇಲಿಟ್ಟು ಗೆರೆ ಹಾಕಿಕೊಂಡು ಬರೆದದ್ದು. 'ಒಳಗೆ' ಎಂಬಲ್ಲಿ ಳಕಾರದ ಹೊಟ್ಟೆ ಹೆಚ್ಚಾಯಿತೆಂದು ಹೆಂಡತಿ ನಕ್ಕಿದ್ದಳು. ಅಂಗಡಿ ಮುಚ್ಚಿ ಈ ಮನೆಗೆ ಬಂದ ಮೇಲೆ ಬೋರ್ಡ್ ಎಲ್ಲಿ ಎಂದು ಅವನು ಒಂದು ಸಲ ಕೇಳಿದಾಗ ಅವಳು, ಅಪ್ಪ ಎಲ್ಲೋ ಇಟ್ಟಿದ್ದಾರೆ ಎಂದಿದ್ದಳು. ಇಟ್ಟದ್ದು ಇಲ್ಲಿ. ಅಕ್ಷರಗಳ ಮೇಲೆ ಹಿಕ್ಕೆ ಒಣಗಿ ಗೆರೆಗೆರೆಯಾಗಿ ಇಳಿದಿತ್ತು. ಕಿಂಡಿ ಕೊರೆದಿದ್ದೂ ಅದರಲ್ಲೇ, ಸೂರಿನ ಕೆಳಗೆ, ಒಂದು ಗೇಣು ಉದ್ದಕ್ಕೆ. ಕೋಳಿಗಳು ರೆಪ್ಪೆ ಮುಚ್ಚಿ ತೆರೆದು ಅವನನ್ನು ನೋಡಿದವು. ಈಗ ಗುರುತು ಹಿಡಿದ ಹಾಗಿತ್ತು.

ಆಮೇಲೆ ಮಾಡಿದ್ದನ್ನೆಲ್ಲ ಅವನು ಬಹಳ ಶಾಂತವಾಗಿ ಮಾಡಿದ. ಅಟ್ಟದಿಂದ ಗೋಣಿಚೀಲ ತಂದ, ನಾಲ್ಕು ಮಡಿಕೆ ಮಡಿಸಿದ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಇಟ್ಟ, ಕಿಂಡಿಗೆ ಅಡ್ಡ ಹಿಡಿದು ಮೊಳೆ ಹೊಡೆದ. ನಾಲ್ಕು ಮೂಲೆಗೆ ನಾಲ್ಕು ಸಾಕಿತ್ತು, ಕೈ ನಿಲ್ಲಲಿಲ್ಲ. ಹಲಗೆಗಳ ಸಂದಿಗೆಲ್ಲ ಕಾಗದ ತುರುಕಿದ. ತನ್ನ ಹಳೆ ಕೆಲಸದ ಮೇಜಿನ ದೀಪವನ್ನು ವೈರು ಎಳೆದು ಸೂರಿಗೆ ತೂಗುಹಾಕಿದ. ಮತ್ತೆ ಮತ್ತೆ ಹಿತ್ತಲಿಗೆ ಬರುವುದು ಯಾರಿಂದಾಗುತ್ತದೆ ಎಂದು ನೀರಿನ ಬೋಗುಣಿಯನ್ನೂ ಒಳಗೇ ಇಟ್ಟ. ಪಾಪದ ಪ್ರಾಣಿಗಳು, ಎಂದು ಮನಸ್ಸಿನಲ್ಲೇ ಹೇಳಿಕೊಂಡ, ಆ ಮುದುಕನದು ಕಲ್ಲಿನ ಗುಂಡಿಗೆ, ಈ ಚಳಿಯಲ್ಲಿ ತಲೆಯ ಮೇಲೆ ತೂತು ಬಿಟ್ಟು ಮಲಗಿಸುತ್ತಾನೆ. ಬಾಗಿಲು ಹಾಕಿದ ಮೇಲೆ ಸಂದಿಯಲ್ಲಿ ಹಳದಿ ಬೆಳಕು ಕಂಡಿತು. ಅದನ್ನು ನೋಡುತ್ತ ನಿಂತಾಗ ಅವನಿಗೆ ನಿಜವಾಗಿಯೂ ಕರುಣೆಯೇ ಅನಿಸಿತು. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಮಂಗಳವಾರ ಬೆಳಿಗ್ಗೆ ಗೂಡಿನ ಬಾಗಿಲು ತೆರೆದಾಗ ಬೆಚ್ಚಗಿನ ಗಾಳಿ ಮುಖಕ್ಕೆ ಬಡಿಯಿತು; ನೀಲಿ ಗೋಡೆಯ ಮೇಲೆ ಸಣ್ಣ ಹನಿಗಳು ಕೂತಿದ್ದವು. ಅಂಗಿಯ ತೋಳಿನಿಂದ ಒಂದೆರಡು ಒರೆಸಿದ. ಬುಧವಾರ ಹನಿಗಳು ಕೂತಿರಲಿಲ್ಲ, ಅಕ್ಷರಗಳ ಮೇಲಿಂದ ಇಳಿಯುತ್ತಿದ್ದವು. ಮೂಗಿಗೆ ಒಂದು ಚುರುಕು ವಾಸನೆ ಬಂತು, ಕಣ್ಣಂಚು ಉರಿಯಿತು. ಕೋಳಿಗೂಡು ಎಂದ ಮೇಲೆ ಮಲ್ಲಿಗೆ ವಾಸನೆ ಬರುತ್ತದೆಯೇ ಎಂದುಕೊಂಡು ಕಾಳು ಹಾಕಿ ಕೆಲಸಕ್ಕೆ ಹೋದ. ಆ ಸಂಜೆ ಹೆಂಡತಿಯ ಫೋನು ಬಂತು. ಆಪರೇಷನ್ ಚೆನ್ನಾಗಿ ಆಯಿತು, ಅಪ್ಪ ಎದ್ದು ಎರಡು ಹೆಜ್ಜೆ ಇಟ್ಟರು, ನರ್ಸಿಗೆ ಹೀಟರಿನ ಗುಂಡಿ ತಿರುಗಿಸುವುದು ಹೇಗೆಂದು ಪಾಠ ಹೇಳಿದರು ಎಂದಳು. ಮಾವ ಮೂವತ್ತೊಂದು ವರ್ಷ ಒಂದು ದೊಡ್ಡ ಲಾಂಡ್ರಿಯಲ್ಲಿ ಬಾಯ್ಲರ್ ನೋಡಿಕೊಂಡಿದ್ದವರು. ಹಬೆ ಎಲ್ಲಿಂದ ಹೊರಟು ಎಲ್ಲಿ ನೀರಾಗುತ್ತದೆ ಎಂಬುದು ಅವರಿಗೆ ಅಂಗೈ ಗೆರೆಯಷ್ಟು ಪರಿಚಯ. ಕೋಳಿ ಹೇಗಿವೆ ಎಂದು ಅವಳು ಕೇಳಿದಳು. ಬೆಚ್ಚಗಿವೆ ಎಂದ. ಆಮೇಲೆ ಫೋನು ಕೈ ಬದಲಾಯಿಸಿದ ಸದ್ದು, ಒಂದು ಕೆಮ್ಮು. ಎರಡು ವರ್ಷದಲ್ಲಿ ಮಾವ ಅವನೊಡನೆ ನೇರವಾಗಿ ಫೋನಿನಲ್ಲಿ ಮಾತಾಡಿದ್ದು ಅದೇ ಮೊದಲು.

"ಹುಲ್ಲು ಒಣಗಿದೆಯಾ?"

"ಒಣಗಿದೆ," ಎಂದ ಅವನು.

ಅಷ್ಟೇ. ಹೂಂ ಎಂದು ಫೋನನ್ನು ಮಗಳಿಗೆ ಕೊಟ್ಟರು. ಫೋನಿಟ್ಟು ಅವನು ಅಡುಗೆಮನೆಗೆ ಹೋದ. ಸುಳ್ಳು ಹೇಳಿದೆನೆಂದು ಅನಿಸಲಿಲ್ಲ. ಹುಲ್ಲನ್ನು ಮುಟ್ಟಿಯೇ ನೋಡಿರಲಿಲ್ಲ, ಮುಟ್ಟದಿದ್ದ ಮೇಲೆ ಒದ್ದೆ ಎಂದು ಗೊತ್ತಿರುವುದು ಹೇಗೆ? ಆದರೆ ಈಗಲೇ ಹೋಗಿ ಮುಟ್ಟಿ ನೋಡಬಹುದಿತ್ತು. ಬಾಗಿಲಿನವರೆಗೆ ಹೋದ. ಚಪ್ಪಲಿ ಗೂಡಿನ ಕಡೆ ಮುಖ ಮಾಡಿ ಕೂತಿತ್ತು. ಹೊರಗೆ ವಿಪರೀತ ಚಳಿ ಎಂದು ಹೇಳಿಕೊಂಡು ಒಳಗೆ ಬಂದ. ಮಾವನ ಪ್ರಶ್ನೆ ಮಾತ್ರ ಅವನ ಹಿಂದೆಯೇ ಕೋಣೆಗೂ ಬಂತು. ಕೋಳಿ ಹೇಗಿವೆ ಎಂದು ಕೇಳಿರಲಿಲ್ಲ, ಕಿಂಡಿ ತೆರೆದಿದೆಯೇ ಎಂದೂ ಕೇಳಿರಲಿಲ್ಲ. ಕಿಂಡಿಯ ಮಾತು ಕೇಳಿದ್ದರೆ ತನ್ನನ್ನು ನಂಬಲಿಲ್ಲ ಎಂದಾಗುತ್ತಿತ್ತು. ಹುಲ್ಲಿನ ಮಾತು ಕೇಳಿದರೆ ಹಾಗಾಗುವುದಿಲ್ಲ. ಅಷ್ಟು ನಾಜೂಕಾಗಿ ಯೋಚಿಸುವ ಮನುಷ್ಯನೇ ಅವರು? ಅಲ್ಲ ಎಂದು ತೀರ್ಮಾನಿಸಿ ದೀಪ ಆರಿಸಿದ.

ಗುರುವಾರ ರಾತ್ರಿ ಯಾವಾಗಲೋ ಕರೆಂಟು ಹೋಗಿತ್ತು. ಶುಕ್ರವಾರ ಬೆಳಿಗ್ಗೆ ಗಡಿಯಾರ ತಪ್ಪು ಹೊತ್ತು ತೋರಿಸುತ್ತ ಮಿನುಗುತ್ತಿದ್ದಾಗಲೇ ಅವನಿಗೆ ಅರ್ಥವಾಗಬೇಕಿತ್ತು. ಅರ್ಥವಾದದ್ದು ಗೂಡಿನ ಬಾಗಿಲು ತೆರೆದ ಮೇಲೆ. ಕರೆಂಟು ಮರಳಿ ಬಂದ ಹೊಡೆತಕ್ಕೆ ಬಲ್ಬು ಸುಟ್ಟು ದೀಪ ಸತ್ತಿತ್ತು. ನಾಲ್ಕು ರಾತ್ರಿಯ ಉಸಿರೆಲ್ಲ ಗೋಡೆಯ ಮೇಲೆ ಬಿಳಿಯ ಹರಳಾಗಿ ಹೆಪ್ಪುಗಟ್ಟಿತ್ತು, ಅಕ್ಷರ ಕಾಣಿಸುತ್ತಿರಲಿಲ್ಲ. ವಾಸನೆಗೆ ಕಣ್ಣಲ್ಲಿ ನೀರು ಬಂತು. ಐದು ಕೋಳಿಗಳು ಕೆಳಗಿಳಿದು ಹೊರಬಂದವು, ನಡಿಗೆಯಲ್ಲಿ ಎಂದಿನ ಜಂಬವಿಲ್ಲ; ಮೂರರ ಕೆಂಪು ಜುಟ್ಟಿನ ತುದಿ ಬೂದಿ ಹಚ್ಚಿದ ಹಾಗೆ ಬಿಳಿಚಿತ್ತು. ಹೆಡ್‌ಮಿಸ್ಸು ಇಳಿಯಲಿಲ್ಲ. ಗರಿ ಉಬ್ಬಿಸಿ, ಕತ್ತನ್ನು ಮೈಯೊಳಗೆ ಹುದುಗಿಸಿ, ಕೊಕ್ಕು ತೆರೆದು ಉಸಿರಾಡುತ್ತಿತ್ತು. ಪ್ರತಿ ಉಸಿರಿಗೂ ಒಳಗೆಲ್ಲೋ ಕಾಗದ ಹರಿದ ಹಾಗೆ ಸದ್ದು. ಆ ಕ್ಷಣ ಅವನಿಗೆ ಮೊದಲು ಹೊಳೆದದ್ದು ಕೋಳಿಯಲ್ಲ, ಒಂದು ವಾಕ್ಯ. ಕರೆಂಟು ಹೋಗಿಬಿಟ್ಟಿತು. ಎಷ್ಟು ಒಳ್ಳೆಯ ವಾಕ್ಯ, ಎಲ್ಲಿಯೂ ಒಡಕಿಲ್ಲ, ನಿಜ ಕೂಡ. ಬಾಯಿಯಲ್ಲಿ ಒಂದು ಸಲ ಹೇಳಿ ನೋಡಿದ. ಹೇಳಿದ್ದು ಗೋಡೆಯಾಚೆಗೆ ಕೇಳಿಸಿತೇನೋ, ಹಿಂದಿನ ಮನೆಯ ದರ್ಜಿಯಮ್ಮ ಕುತ್ತಿಗೆಗೆ ಅಳತೆಯ ಟೇಪು ಹಾಕಿಕೊಂಡೇ ಇಣುಕಿದಳು.

ಅವಳು ಸುತ್ತು ಹಾಕಿಕೊಂಡು ಹಿತ್ತಲಿನ ಗೇಟಿನಿಂದ ಒಳಗೆ ಬಂದಳು. ಎರಡು ದಿನದಿಂದ ವಾಸನೆ ಬರುತ್ತಿತ್ತು, ಬೇರೆಯವರ ಮನೆ ವಿಷಯ ನಮಗ್ಯಾಕೆ ಎಂದು ಸುಮ್ಮನಿದ್ದೆ, ಸುಮ್ಮನಿದ್ದದ್ದು ತಪ್ಪಾಯಿತು ಎಂದಳು. ಬಗ್ಗಿ ನೆಲದ ಹುಲ್ಲಿನೊಳಗೆ ಮಣಿಕಟ್ಟಿನವರೆಗೆ ಕೈ ತೂರಿಸಿ, ಹೊರತೆಗೆದು, ಅಂಗೈಯನ್ನು ಅವನ ಮುಖದೆದುರು ಬಿಡಿಸಿ ಹಿಡಿದಳು. ಅಂಗೈ ಒದ್ದೆಯಾಗಿ ಹೊಳೆಯುತ್ತಿತ್ತು. ಚಳಿ ಅಂತ ಮುಚ್ಚಿದ್ದೆ ಎಂದ ಅವನು. ಕೋಳಿಗಳ ಮೈಮೇಲೆ ದೇವರು ಹೊಲಿದ ರಜಾಯಿ ಇದೆ, ಒಣ ಚಳಿ ಅವನ್ನು ಏನೂ ಮಾಡುವುದಿಲ್ಲ, ಅವುಗಳ ಉಸಿರೇ ನೀರಾಗಿ ಅವುಗಳ ತಲೆ ಮೇಲೆ ಬಿದ್ದರೆ ಮಾತ್ರ ಕಷ್ಟ ಎಂದು ಅವಳು ತಿಳಿಸಿ ಹೇಳಿದಳು.

"ನಿಮ್ಮ ಮಾವ ನಿಮಗೆ ಹೇಳಿ ಹೋಗ್ಲಿಲ್ವಾ?"

"ಹೇಳಿದ್ರು."

ಅವಳು ಕಿಂಡಿಯ ಕಡೆ ನೋಡಿದಳು. ತುಟಿ ಅಲ್ಲಾಡಿಸುತ್ತ ಎಣಿಸಿದಳು.

"ಒಂದು ಗೋಣಿಚೀಲಕ್ಕೆ ಇಷ್ಟೊಂದು ಮೊಳೆ ಯಾಕೆ?"

ಉತ್ತರಕ್ಕೆ ಅವಳು ಕಾಯಲಿಲ್ಲ. ಮೊದಲು ಆ ಕರಿಕೋಳಿಯನ್ನು ಇಳಿಸಿ ಎಂದಳು. ಅವನು ಕೈ ಚಾಚಿ, ಹಿಂದಕ್ಕೆ ಎಳೆದುಕೊಂಡ. ಐವತ್ತು ದಾಟಿದ ಗಂಡಸು, ಕೋಳಿಗೆ ಹೆದರುತ್ತೇನೆಂದು ಹೇಳುವುದು ಹೇಗೆ. ಅವಳು ಅದನ್ನು ಹೇಳಿಸಲಿಲ್ಲ; ರೆಕ್ಕೆ ಒತ್ತಿ ಹಿಡೀರಿ, ಕುತ್ತಿಗೆ ಮುಟ್ಟಬೇಡಿ, ಮಗುವನ್ನು ಕಂಕುಳಲ್ಲಿ ಎತ್ತಿಕೊಂಡ ಹಾಗೆ, ಎಂದು ಅವನ ಎರಡೂ ಕೈಗಳನ್ನು ಹಿಡಿದು ಜಾಗಕ್ಕೆ ಇಟ್ಟಳು. ಅವನ ಬೆರಳು ಮೇಲಿನ ಗರಿಯ ಒಳಗೆ ಇಳಿಯಿತು, ಅದರ ಕೆಳಗೆ ಇನ್ನೊಂದು ಮೆತ್ತನೆಯ ಗರಿ, ಅದರೊಳಗೂ ಇಳಿಯಿತು, ಆಮೇಲೆ ಥಟ್ಟನೆ ಶಾಖ. ಆಗ ತಾನೇ ಸುರಿದ ಟೀ ಲೋಟದ ಹೊರಮೈಯಂಥ ಶಾಖ. ನಾಲ್ಕು ದಿನ ಚಳಿಗೆ ನಡುಗುತ್ತಿದೆ ಎಂದು ತಾನು ಮರುಗಿದ ಪ್ರಾಣಿ ತನಗಿಂತ ಬೆಚ್ಚಗಿತ್ತು. ಕಾಯಿಲೆಯಲ್ಲೂ ಬೆಚ್ಚಗಿತ್ತು. ಮರುಗಿದ್ದೆನೇ ಎಂದು ಕೇಳಿಕೊಂಡ. ಕೋಳಿಯ ಎದೆ ಅವನ ಅಂಗೈಯಲ್ಲಿ ಜೋರಾಗಿ ಬಡಿಯುತ್ತಿತ್ತು.

ಅಂಗಡಿಗೆ ಫೋನ್ ಮಾಡಿ ಬರುವುದಿಲ್ಲ ಎಂದ. ಹೆಡ್‌ಮಿಸ್ಸನ್ನು ಫ್ರೇಮುಗಳು ಬರುವ ರಟ್ಟಿನ ಪೆಟ್ಟಿಗೆಯಲ್ಲಿ ಒಣಬಟ್ಟೆ ಹಾಸಿ ಮಲಗಿಸಿ ಮೆಟ್ಟಿಲ ಕೆಳಗೆ ಇಟ್ಟ. ಉಳಿದವುಗಳನ್ನು ದರ್ಜಿಯಮ್ಮ ಹಿಡಿದುಕೊಂಡಳು, ಚಳಿಗೆ ಬಿಳಿಚಿದ ಜುಟ್ಟಿಗೆ ಅವನು ತುಟಿಗೆ ಹಚ್ಚುವ ಮುಲಾಮು ತೆಳ್ಳಗೆ ಸವರಿದ; ಗಾಜಿನ ಮೇಲೆ ಬೆರಳಚ್ಚು ಬೀಳದಂತೆ ಕೆಲಸ ಮಾಡಿ ಅಭ್ಯಾಸವಾದ ಕೈ ಅಲ್ಲಿ ಉಪಯೋಗಕ್ಕೆ ಬಂತು. ಅವಳು ಹೋದ ಮೇಲೆ ಒದ್ದೆ ಹುಲ್ಲನ್ನೆಲ್ಲ ಗುದ್ದಲಿಯಲ್ಲಿ ಎಳೆದು ಹೊರಹಾಕಿದ, ಬಡಗಿಯ ಅಂಗಡಿಯಿಂದ ಎರಡು ಚೀಲ ಮರದ ಹೊಟ್ಟು ಹೊತ್ತು ತಂದ, ದೀಪ ಬಿಚ್ಚಿದ, ಸಂದಿಯ ಕಾಗದ ಕಿತ್ತ. ಕೊನೆಗೆ ಮೊಳೆಗಳು. ಒಂದೊಂದನ್ನೂ ಇಕ್ಕಳದಲ್ಲಿ ಹಿಡಿದು ಎಳೆಯುವಾಗ ಹಲಗೆ ಕೀರಲು ದನಿಯಲ್ಲಿ ಕೂಗಿ ಬಿಡುತ್ತಿತ್ತು. ಹದಿನಾಲ್ಕು.

ಮೊಳೆ ಕೀಳುತ್ತಿರುವಾಗ ನೆನಪಾದದ್ದು ಅಂಗಡಿ ಮುಚ್ಚಿದ ದಿನ. ಅವನು ಒಳಗೆ ಖಾಲಿ ಕಪಾಟಿನೆದುರು ಸುಮ್ಮನೆ ಕೂತಿದ್ದ, ಹೊರಗೆ ಬೀದಿಯಲ್ಲಿ ಏಣಿ ಇಟ್ಟ ಸದ್ದು. ಮಾವ ಬಂದಿದ್ದರು, ತಳ್ಳುಗಾಡಿ ಸಮೇತ, ಯಾರೂ ಕರೆದಿರಲಿಲ್ಲ. ಒಂದು ಮೆಟ್ಟಿಲಿಗೆ ಎರಡೂ ಕಾಲು ಊರಿ, ಮತ್ತೊಂದು ಮೆಟ್ಟಿಲಿಗೆ ಎರಡೂ ಕಾಲು ಊರಿ ಏಣಿ ಹತ್ತಿದರು. ಆಗಲೇ ಮಂಡಿ ನೋಯುತ್ತಿದ್ದಿರಬೇಕು, ಅವನು ಗಮನಿಸಿದ್ದು ಈಗ, ಎರಡು ವರ್ಷದ ಮೇಲೆ. ಬೋರ್ಡಿನ ಸ್ಕ್ರೂಗಳನ್ನು ಒಂದನ್ನೂ ನೆಲಕ್ಕೆ ಬೀಳಿಸದೆ ಬಿಚ್ಚಿದರು. ಪಕ್ಕದ ಅಂಗಡಿಯವರೆಲ್ಲ ನಿಂತು ನೋಡುತ್ತಿದ್ದರು. ಇಳಿದು ಬಂದು ಸ್ಕ್ರೂಗಳನ್ನು ಕಾಗದದಲ್ಲಿ ಪೊಟ್ಟಣ ಕಟ್ಟಿ ಅವನ ಕೈಗೆ ಕೊಟ್ಟರು, ಏನೂ ಹೇಳದೆ. ನೀನು ಬಿಚ್ಚಲಾರದ್ದನ್ನು ನಾನು ಬಿಚ್ಚಿದೆ ಎಂದು ಹೇಳಿದ ಹಾಗೆ ಅವನಿಗೆ ಕೇಳಿಸಿತ್ತು. ಮನೆಗೆ ಬರುವ ದಾರಿಯಲ್ಲಿ ಪೊಟ್ಟಣವನ್ನು ಚರಂಡಿಗೆ ಎಸೆದಿದ್ದ. ಆ ಸಿಟ್ಟು ಇನ್ನೂ ಹಾಗೇ ಇದೆಯೇ ಎಂದು ತಡಕಿದ. ಇತ್ತು, ಆದರೆ ಹಳೆಯ ಹಲ್ಲುನೋವಿನ ಹಾಗೆ, ಒತ್ತಿದರೆ ಮಾತ್ರ.

ಶನಿವಾರವೆಲ್ಲ ಪೆಟ್ಟಿಗೆಯ ಪಕ್ಕದಲ್ಲೇ ಕಳೆಯಿತು. ಚಮಚದಲ್ಲಿ ನೀರು ಹಿಡಿದರೆ ಹೆಡ್‌ಮಿಸ್ಸು ಮೊದಲು ಮುಖ ತಿರುಗಿಸಿತು, ಆಮೇಲೆ ಕುಡಿಯಿತು. ಮಧ್ಯಾಹ್ನದ ಹೊತ್ತಿಗೆ ಕಾಗದ ಹರಿಯುವ ಸದ್ದು ಕಡಿಮೆಯಾಯಿತು. ನೆನೆಸಿದ ಜೋಳ ಅಂಗೈಯಲ್ಲಿಟ್ಟು ಚಾಚಿದಾಗ ಒಂದೇ ಒಂದು ಕಾಳು ತಿಂದು, ಎರಡನೆಯದಕ್ಕೆ ಅವನ ಹೆಬ್ಬೆರಳನ್ನೇ ಕುಕ್ಕಿತು. ನೋವಾಯಿತು, ಖುಷಿಯಾಯಿತು. ಜುಟ್ಟಿನ ತುದಿ ಕಪ್ಪಾಗಿತ್ತು. ಅದು ಇನ್ನು ಕೆಂಪಾಗುವುದಿಲ್ಲ, ಒಣಗಿ ಉದುರುತ್ತದೆ ಎಂದು ದರ್ಜಿಯಮ್ಮ ಬಂದು ನೋಡಿ ಹೇಳಿದಳು. ಕರೆಂಟು ಹೋದದ್ದು ನಿಜ ತಾನೇ, ಅಷ್ಟು ಹೇಳಿದರೆ ಸಾಕು ಎಂದೂ ಸೇರಿಸಿದಳು. ಅವಳ ದನಿಯಲ್ಲಿ ಕೊಂಕಿರಲಿಲ್ಲ. ಅವನು ತಲೆಯಾಡಿಸಿದ. ಆ ವಾಕ್ಯ ಇನ್ನೂ ಜೇಬಿನಲ್ಲೇ ಇತ್ತು, ಒಡೆಯದೆ.

ಭಾನುವಾರ ಮಧ್ಯಾಹ್ನ ಟ್ಯಾಕ್ಸಿ ಬಂತು. ನಾಲ್ಕು ಕಾಲಿನ ಕೋಲು ಮುಂದೆ ಊರುತ್ತ ಮಾವ ಇಳಿದರು. ವಾರದಲ್ಲಿ ಮುಖ ಸಣ್ಣಗಾಗಿತ್ತು, ಗಡ್ಡ ಬಂದಿತ್ತು. ಹಾಸಿಗೆ ಸಿದ್ಧವಾಗಿದೆ ಎಂದು ಹೆಂಡತಿ ಎಷ್ಟು ಹೇಳಿದರೂ ಕೇಳದೆ ನೇರವಾಗಿ ಹಿತ್ತಲಿನ ಬಾಗಿಲಿಗೆ ನಡೆದರು. ಅವನು ಕುರ್ಚಿ ತಂದು ಹೊಸ್ತಿಲ ಹೊರಗೆ ಹಾಕಿದ. ಮಾವ ಕೂತು, ಕಾಲು ಮುಂದೆ ಚಾಚಿ, ಮೊದಲು ಕೋಳಿಗಳನ್ನು ನೋಡಿದರು, ಐದು, ಆಮೇಲೆ ಜುಟ್ಟುಗಳನ್ನು, ಆಮೇಲೆ ತೆರೆದಿಟ್ಟ ಗೂಡಿನ ಬಾಗಿಲಲ್ಲಿ ಕಾಣುವ ಹೊಸ ಹೊಟ್ಟಿನ ಬಣ್ಣವನ್ನು, ಆಮೇಲೆ ಕಿಂಡಿಯನ್ನು. ಕಿಂಡಿಯ ಸುತ್ತ ಸಣ್ಣ ತೂತುಗಳ ಸಾಲಿತ್ತು. ಅವರ ಕಣ್ಣು ಅಲ್ಲಿ ಸ್ವಲ್ಪ ಹೊತ್ತು ನಿಂತಿತು. ಹೆಂಡತಿ ಮೆಟ್ಟಿಲ ಕೆಳಗಿನ ಪೆಟ್ಟಿಗೆ ನೋಡಿ ಬಂದು, ಹೆಡ್‌ಮಿಸ್ಸಿಗೆ ಏನಾಯಿತು, ಜುಟ್ಟು ಯಾಕೆ ಹಾಗಾಗಿದೆ ಎಂದು ಕೇಳಿದಳು. ಕೇಳಿದ್ದು ಅವನನ್ನು. ಉತ್ತರ ಬಂದದ್ದು ಕುರ್ಚಿಯಿಂದ.

"ಅದಕ್ಕೆ ವಯಸ್ಸಾಯ್ತು. ಹೋದ ಚಳಿಗೂ ಹಿಂಗೇ ಆಗಿತ್ತಲ್ಲ."

ಹೋದ ಚಳಿಗಾಲದಲ್ಲಿ ಅವನು ಇದೇ ಮನೆಯಲ್ಲಿದ್ದ. ಹಾಗೆ ಏನೂ ಆಗಿರಲಿಲ್ಲ. ಮಾವ ಸುಳ್ಳು ಹೇಳಿದ್ದನ್ನು ಅವನು ಯಾವತ್ತೂ ಕೇಳಿರಲಿಲ್ಲ. ಹೇಳಿ ಅಭ್ಯಾಸವಿಲ್ಲದವರ ಹಾಗೆ ಅವರು ಗೇಟಿನ ಕಡೆ ನೋಡುತ್ತಿದ್ದರು. ಒಂದು ಬಾಗಿಲು ತೆರೆದಿತ್ತು, ಅವನು ಸುಮ್ಮನಿದ್ದರೆ ಸಾಕು, ಜೇಬಿನ ವಾಕ್ಯವನ್ನು ಹೊರತೆಗೆಯುವ ಕಷ್ಟವೂ ಇಲ್ಲ. ಸುಮ್ಮನಿರುವುದು ಅವನಿಗೆ ಬರುತ್ತಿದ್ದ ವಿದ್ಯೆ. ಎರಡು ವರ್ಷ ಈ ಮನೆಯಲ್ಲಿ ಊಟ ಮಾಡಿದ್ದು, ಮಲಗಿದ್ದು, ಎದ್ದದ್ದು ಎಲ್ಲ ಆ ವಿದ್ಯೆಯಿಂದಲೇ.

"ಇಲ್ಲ," ಎಂದ. ದನಿ ಬೇರೆ ಯಾರದೋ ಅನಿಸಿತು. "ಕಿಂಡಿ ಮುಚ್ಚಿದ್ದೆ ನಾನು. ಹುಲ್ಲು ಒಣಗಿದೆ ಅಂತ ಫೋನಲ್ಲಿ ಹೇಳಿದ್ದೂ ಸುಳ್ಳು."

ಹೆಂಡತಿ ಇಬ್ಬರನ್ನೂ ನೋಡಿದಳು. ಅವಳು ಪುಟ್ಟ ಮಕ್ಕಳಿಗೆ ಪಾಠ ಹೇಳುವವಳು. ಜಗಳ ಹುಟ್ಟುವ ಮುಂಚೆ ಇಬ್ಬರ ನಡುವೆ ಕೈ ತೂರಿಸುವುದು ಅವಳ ಸ್ವಭಾವ. ಚಳಿ ಜಾಸ್ತಿ ಅಂತ ತಾನೇ ಮುಚ್ಚಿದ್ದು, ಗೊತ್ತಾಗಲಿಲ್ಲ ಪಾಪ, ಎಂದಳು. ಅದು ಎರಡನೆಯ ಬಾಗಿಲು, ಮೊದಲಿನದಕ್ಕಿಂತ ಅಗಲ.

"ಚಳಿಗಲ್ಲ," ಎಂದ ಅವನು. "ನನ್ನ ಬೋರ್ಡ್ ನೋಡಿದೆ. ಸಿಟ್ಟು ಬಂತು. ಸಿಟ್ಟಿಗೆ ಮುಚ್ಚಿದೆ."

ಅವಳು ಥಟ್ಟನೆ ತಿರುಗಿ ಒಳಗೆ ಟೀ ಇಡಲು ಹೋದಳು. ಬೋರ್ಡು ಎಲ್ಲಿದೆ ಎಂದು ಅವಳಿಗೂ ಗೊತ್ತಿತ್ತು ಎಂಬುದು ಅವಳ ಬೆನ್ನಿನಿಂದ ಅವನಿಗೆ ತಿಳಿಯಿತು. ಮಾವ ಕೋಲಿನ ರಬ್ಬರ್ ಹಿಡಿಯನ್ನು ಹೆಬ್ಬೆರಳಲ್ಲಿ ಉಜ್ಜಿದರು. ಒಂದು ಕೋಳಿ ಬಂದು ಅವರ ಬ್ಯಾಂಡೇಜನ್ನು ಪರೀಕ್ಷಿಸಿ ಹೋಯಿತು.

"ಒಳ್ಳೆ ಮರ ಅದು," ಎಂದರು ಕೊನೆಗೆ. ಅವರು ಮಾತಾಡುತ್ತಿದ್ದುದು ಗೂಡಿನೊಡನೆ ಎಂಬಂತಿತ್ತು. ಐದು ಪದರ ಬಣ್ಣ ಕುಡಿದ ಹಲಗೆ, ನೀರು ಇಳಿಯುವುದಿಲ್ಲ, ಅಂಥದ್ದನ್ನು ಕಟ್ಟಿಗೆ ಮಾಡಲು ಮನಸ್ಸು ಬರಲಿಲ್ಲ ಎಂದರು. ಒಂದು ಅಂಚು ಮಾತ್ರ ಕೊಳೆತಿತ್ತು, ಅದು ನೆಲಕ್ಕೆ ತಾಗಬಾರದೆಂದು ಮೇಲೆ ಮಾಡಿದ್ದು, ಅದಕ್ಕೇ ತಲೆಕೆಳಗು. ಆಮೇಲೆ, "ಅಕ್ಷರ ಹೊರಗೆ ಮಾಡಿದ್ರೆ ದಾರೀಲಿ ಹೋಗೋರೆಲ್ಲ ಓದ್ತಿದ್ರು. ಅದಕ್ಕೆ ಒಳಗೆ ಮಾಡ್ದೆ."

ಅವನು ಗೂಡಿನ ಹೊರಮೈ ನೋಡಿದ. ಬರಿಯ ಮರ, ಯಾವ ಮನೆಯ ಹಿತ್ತಲಿನಲ್ಲೂ ಇರಬಹುದಾದ ಮರ. ಪಕ್ಕದ ಓಣಿಯಲ್ಲಿ ಜನ ಓಡಾಡುತ್ತಿದ್ದರು, ಯಾರೂ ಈ ಕಡೆ ತಿರುಗಿ ನೋಡುತ್ತಿರಲಿಲ್ಲ. ಎರಡು ವರ್ಷದಿಂದ ನೋಡಿರಲಿಲ್ಲ. ಕ್ಷಮಿಸಿ ಎಂಬ ಮಾತು ಬರಲಿಲ್ಲ. ಕೋಳಿಯ ವಿಷಯಕ್ಕೆ ಬರಬಹುದಿತ್ತು, ಬೋರ್ಡಿನ ವಿಷಯಕ್ಕೆ ಯಾಕೆ ಬರಬೇಕು. ನೋವು ತನ್ನದು, ಅದು ಸುಳ್ಳಾಗಿರಲಿಲ್ಲ. ಅವರ ಕಾರಣವೂ ಸುಳ್ಳಾಗಿರಲಿಲ್ಲ.

"ಕೇಳಬೇಕಿತ್ತು," ಎಂದರು ಮಾವ.

ಯಾರು ಯಾರನ್ನು ಎಂದು ಹೇಳಲಿಲ್ಲ. ಗೂಡು ಕಟ್ಟುವ ಮುಂಚೆ ಅವರು ಅವನನ್ನೋ, ಮೊಳೆ ಹೊಡೆಯುವ ಮುಂಚೆ ಅವನು ಅವರನ್ನೋ. ಅವನೂ ಕೇಳಲಿಲ್ಲ. ಹೌದು ಎಂದ. ಎರಡಕ್ಕೂ ಸೇರುವಂತೆ ಹೇಳಿದ. ಟೀ ಬಂತು, ಇಬ್ಬರೂ ಕುಡಿದರು.

ಪೆಟ್ಟಿಗೆಯ ಕೋಳಿಯನ್ನು ಹಗಲಿನಲ್ಲಿ ಬಿಟ್ಟರೆ ಉಳಿದವು ಹೊಸದೆಂದು ಕುಕ್ಕುತ್ತವೆ, ಎಲ್ಲ ಕೋಲು ಹತ್ತಿ ಕೂತ ಮೇಲೆ ನಡುವೆ ತುರುಕಿಬಿಡಬೇಕು, ಬೆಳಿಗ್ಗೆ ಎದ್ದಾಗ ಇದು ಇಲ್ಲೇ ಇತ್ತು ಅಂದುಕೊಳ್ಳುತ್ತವೆ ಎಂದು ಮಾವ ಹೇಳಿದರು. ಮುಸ್ಸಂಜೆಗೆ ಅವನು ಹೆಡ್‌ಮಿಸ್ಸನ್ನು ಎತ್ತಿಕೊಂಡು ಹೋದ. ರೆಕ್ಕೆ ಒತ್ತಿ ಹಿಡಿಯುವುದನ್ನು ಈಗ ಯಾರೂ ಹೇಳಿಕೊಡಬೇಕಿರಲಿಲ್ಲ. ಸಾಲಿನ ನಡುವೆ ಇಟ್ಟಾಗ ಅಕ್ಕಪಕ್ಕದವು ಗೊಣಗಿ, ಅತ್ತಿತ್ತ ಸರಿದು, ಜಾಗ ಬಿಟ್ಟವೋ ಬಿಡಲಿಲ್ಲವೋ ಎಂಬಂತೆ ಬಿಟ್ಟವು.

ಸೋಮವಾರ ಬೆಳಿಗ್ಗೆ ಚಳಿ ಹಾಗೇ ಇತ್ತು. ಕಾಳು ಚೆಲ್ಲಿ ಅವನು ಪಕ್ಕಕ್ಕೆ ನಿಂತ. ಹೆಡ್‌ಮಿಸ್ಸು ಎಲ್ಲರಿಗಿಂತ ಕೊನೆಗೆ ಹೊರಬಂತು, ಬಿಸಿಲಿಗೆ ಕಣ್ಣು ಕಿರಿದು ಮಾಡಿತು, ಕಾಳಿನ ಹತ್ತಿರ ಬಂತು. ಕಂದು ಕೋಳಿಯೊಂದು ಥಟ್ಟನೆ ತಿರುಗಿ ಅದರ ಕತ್ತಿಗೆ ಕುಕ್ಕಿತು. ಯಜಮಾನಿಕೆಯೆಲ್ಲ ಎರಡೇ ದಿನದಲ್ಲಿ ಕೈಬಿಟ್ಟು ಹೋಗಿತ್ತು. ಹೆಡ್‌ಮಿಸ್ಸು ಹಿಂದೆ ಸರಿಯಿತು. ಒಂದು ಸುತ್ತು ಹಾಕಿ, ಇನ್ನೊಂದು ಬದಿಯಿಂದ ಮತ್ತೆ ಬಂತು. ಅವನಿಗೆ ಬಸ್ಸಿನ ಹೊತ್ತಾಗುತ್ತಿತ್ತು. ಟಕ್ ಟಕ್ ಎಂದು ಸದ್ದಾಯಿತು. ಮಾವ ತಮ್ಮ ಕೋಣೆಯ ಕಿಟಕಿಯಲ್ಲಿ ನಿಂತು, ಬೆರಳ ಗೆಣ್ಣಿನಿಂದ ಗಾಜಿಗೆ ಬಡಿದು, ಮಣಿಕಟ್ಟಿನ ಕಡೆ ತೋರಿಸುತ್ತಿದ್ದರು, ಹೊತ್ತಾಯಿತು, ಕೆಲಸಕ್ಕೆ ಹೊರಡಿ. ಅವನು ಅವರ ಕಡೆ ಎರಡು ಬೆರಳೆತ್ತಿ ತೋರಿಸಿದ, ಇನ್ನೆರಡು ನಿಮಿಷ, ಎಂದು. ಮತ್ತೆ ಕೋಳಿಗಳ ಕಡೆ ತಿರುಗಿದ.